ಒಳಕಿಸೆ

ತೀನ್ ಕಂದೀಲಿನ ಹಿಂದಿನ ಓಣ್ಯಾಗ
ನಮ್ಮಪ್ಪನ ಕಾಲದಿಂದ ಖಾಕಿ ಹೊಲಿಯೋ ಅಂಗಡಿ.
ರಾಯಚೂರಿನ ಯಾವ ಠಾಣೆಯ ಹೊಟ್ಟಿ
ಯಾವ ವರ್ಷ ಎಷ್ಟು ಇಂಚು ಬೆಳೀತು
ಈ ಟೇಪಿಗೆ ಗೊತ್ತು.

ಖಾಕಿಗೆ ಒಂದು ಲೆಕ್ಕ ಅದ:
ಕಿಸೆ ಹೊರಗ, ಗುಂಡಿ ಹೊರಗ,
ಹೆಸರು ಎದಿ ಮ್ಯಾಲ,
ಸೊಂಟದಾಗಿನದು ಹತ್ತು ಮಾರು ದೂರದಿಂದ ಕಾಣಬೇಕು.
ಕಂಡು ಅಂಜೋರು ಅಂಜಲಿ ಅಂತನೇ ಅದು.

ಯಂಕೋಬ ಸಾಹೇಬ್ರು ಏಪ್ರಿಲ್ ಬಿಸಲಾಗ
ರೇಷ್ಮಿ ಬಟ್ಟಿ ತಂದ್ರು.
ತಂಗಿ ಮಗನ ಲಗ್ನ, ಮೂರು ದಿನ ರಜಾ.
"ಉದ್ದನೆ ಜುಬ್ಬ. ಎಡಕ್ಕ ಒಂದು ಒಳಕಿಸೆ ಇಡು,
ಕ್ಯಾನ್ವಾಸ್ ಹಚ್ಚಿ ಎರಡು ಹೊಲಿಗಿ ಹಾಕು."
ಎಷ್ಟು ಅಗಲ ಅಂದೆ.
ಅಳತಿಗಂತ ಅದನ್ನ ಮೇಜಿನ ಮ್ಯಾಲ ಇಟ್ಟರು,
ಕತ್ರಿಗೂ ಸೀಮೆಸುಣ್ಣಕ್ಕೂ ನಡುವ.

ಅದನ್ನೂ ಅಳದೆ.

ರಜಾದಾಗ ಯಾಕ್ರಿ ಸಾಹೇಬ್ರ ಅಂತ ಕೇಳಿದ್ದು
ಬಾಯಿ ಜಾರಿ. ಅವರೇನು ಸಿಟ್ಟಾಗಲಿಲ್ಲ, ಚಾ ತರಿಸಿದ್ರು.
"ನಾ ಜೈಲಿಗೆ ಕಳಿಸಿದಾವ
ಸೋಮವಾರ ಹೊರಗ ಬಂದಾನ.
ಅವ ನನ್ನ ಡ್ಯೂಟಿ ಚಾರ್ಟ್ ನೋಡಿಕೊಂಡು ಬರ್ತಾನೇನು?
ದ್ವೇಷಕ್ಕ ವಾರದ ರಜಾ ಇಲ್ಲಪ."
ಮಾತು ಖರೆ ಅನಿಸ್ತು.
ಎರಡು ಅಂದಿದ್ದಕ್ಕ ಮೂರು ಹೊಲಿಗಿ ಹಾಕಿದೆ.

ಅದೇ ವಾರ ಹುಸೇನಮ್ಮ ಬಂದ್ಲು.
ಕೃಷ್ಣಾ ದಂಡಿ ಮ್ಯಾಲಿನ ಊರು, ಊರ ಹೆಸರು ಬ್ಯಾಡ.
ರಾತ್ರಿ ಮರಳು ಹೊರೋ ಟಿಪ್ಪರಿನ ನಂಬರು
ಕೋರ್ಟಿನಾಗ ಬಾಯಿಪಾಠ ಒಪ್ಪಿಸಿದಾಕಿ.
ಅವತ್ತಿನಿಂದ ಆಕಿ ಮನಿ ಮುಂದ
ಹಾರ್ನ್ ಒತ್ತದ ಟಿಪ್ಪರ್ ಇಲ್ಲ.
ಲೈಸೆನ್ಸಿಗೆ ಅರ್ಜಿ ಹಾಕಿದ್ದಕ್ಕ
"ನಿನಗ್ಯಾಕ ಬೇ ಬಂದೂಕು, ನಾವಿಲ್ಲೇನು?" ಅಂದ್ರಂತ.
ಇದ್ದಾರ.
ಹನ್ನೆರಡು ಮೈಲಿ ಆಚೆ ಇದ್ದಾರ.

"ಕುಪ್ಪಸಕ್ಕ ಒಂದು ಒಳಕಿಸೆ ಇಡಣ್ಣ."
ಏನಿಡ್ತಿ ಅಂತ ಕೇಳಲಿಲ್ಲ ನಾನು.
ಪೊಲೀಸರನ್ನ ಕೇಳಿದ ಬಾಯಿ
ಈಕಿ ಮುಂದ ಯಾಕ ಕಟ್ಟಿತೋ.
ಆಕಿನೇ ತೋರಿಸಿದ್ಲು,
ಕಾಗದದಾಗ ಕಟ್ಟಿದ ಖಾರಪುಡಿ.
"ಬೆವತರ ಎದಿ ಉರೀತದ, ಬಟ್ಟಿ ದಪ್ಪ ಇರಲಿ."
ಸಾಹೇಬ್ರ ಜುಬ್ಬದ ಕ್ಯಾನ್ವಾಸ್ ತುಣುಕು ಉಳಿದಿತ್ತು.
ಅದನ್ನೇ ಹಚ್ಚಿದೆ.

ಲಗ್ನದ ಮೆರವಣಿಗ್ಯಾಗ ಸಾಹೇಬ್ರೂ ಎರಡು ಹೆಜ್ಜಿ ಕುಣಿದ್ರಂತ.
ಕೈ ಎತ್ತಿದಾಗ ಅದು ಜಾರಿ
ಸಿಡಿದ ಪಟಾಕಿ ಕಾಗದದ ನಡುವ ಬಿತ್ತಂತ.
ಏಳು ವರ್ಷದ ಪೋರಿ ಎರಡೂ ಕೈಲೆ ಎತ್ತಿ,
ಅದರ ಮೂತಿ ಅವರ ಕಡೆನೇ ಮಾಡಿ
"ಮಾಮಾ, ನಿಂದು ಬಿತ್ತು" ಅಂದ್ಲಂತ.
ಬ್ಯಾಂಡ್ ನಿಂತಿತು. ಆಮ್ಯಾಲ ಎಲ್ಲರೂ ನಕ್ಕರು,
ಅವರೊಬ್ಬರನ್ನ ಬಿಟ್ಟು.

ಮರುದಿನ ಜುಬ್ಬ ತಂದು ಮಷೀನಿನ ಮ್ಯಾಲ ಒಗೆದ್ರು.
"ನಿನ್ನ ಹೊಲಿಗಿ ಸರಿಯಿಲ್ಲ."
ತಿರುವಿ ನೋಡಿದೆ. ಮೂರೂ ಗಟ್ಟಿ ಅದಾವ.
ಕಿಸೆಯ ಬಾಯಿಗೆ ಗುಂಡಿ ಇಡು ಅಂತ
ಅವರೂ ಹೇಳಿರಲಿಲ್ಲ.
ಗುಂಡಿ ಇದ್ರ ತೆಗೆಯೂದು ತಡ ಆಗ್ತದಲ್ಲ.

ಖಾಕಿ ಗೂಟಕ್ಕ ಹಾಕಿದ ಮ್ಯಾಲ
ಅಂಗಿಯೊಳಗಿನ ಮನುಷ್ಯ ಯಾರವ?
ಸಾಹೇಬ್ರ ಎದಿ ನಲವತ್ತೆರಡು, ಹುಸೇನಮ್ಮಂದು ಮೂವತ್ತು,
ಅಳತಿ ಪುಸ್ತಕದಾಗ ಬರದದ.
ಅಂಜಿಕಿ ಯಾರದು ಎಷ್ಟು ಅಂತ ಬರಕೊಳ್ಳೂ ಗೆರಿ
ನಮ್ಮಪ್ಪ ಹಾಕಿಲ್ಲ.
ಎಲ್ಲರಿಗೂ ಕೊಡ್ರಿ ಅನ್ನಬೇಕಂದ್ರ
ಆ ಪೋರಿ ಕೈ ಕಾಣಸ್ತದ.
ಅವರಿಗಷ್ಟೇ ಇರಲಿ ಅನ್ನಲಿಕ್ಕೂ ಬರವಲ್ದು,
ಕೈಯಂತೂ ಅದೇ ಕೈ,
ಬಿದ್ದದ್ದೂ ಅವರದೇ ಕಿಸೆಯಿಂದ.

ಗುಂಡಿ ಹಚ್ಚಿ ಕೊಟ್ಟೆ. ಸಾಹೇಬ್ರು ರೊಕ್ಕ ಕೊಡಲಿಲ್ಲ,
ನಾನೂ ಕೇಳಲಿಲ್ಲ, ಅದು ಹಳೇ ರಿವಾಜು.
ಹುಸೇನಮ್ಮ ಮಾತ್ರ ಒಳಕಿಸೆಗೆ ಕೈ ಹಾಕಿ
ಐವತ್ತರ ನೋಟು ತೆಗೆದು ಕೊಟ್ಟಳು.
ರಾತ್ರಿ ಗಲ್ಲಾ ಎಣಿಸುವಾಗ
ಮರತು
ಕಣ್ಣು ಒರಸಿಕೊಂಡೆ.